ಮಾಡರ್ನ್ ಪೇಂಟಿಂಗ್ ಪ್ರದರ್ಶನ: ಎಲ್ಲಿ ನಿಂತು, ಎಷ್ಟು ಹೊತ್ತು ನೋಡಬೇಕು?

ನೀಲಿಕುಂಚ

ಎಲ್ಲರಿಗೂ ನಮಸ್ಕಾರ. 20ನೇ ಶತಮಾನದ ಚಿತ್ರಕಾರರ ದೊಡ್ಡದೊಂದು ಪ್ರದರ್ಶನ ನೋಡುವ ಅವಕಾಶ ಸಿಕ್ಕಿದೆ. ಅಮೂರ್ತ ಚಿತ್ರಗಳೇ ಜಾಸ್ತಿ, ಅಂದರೆ ಬರೀ ಆಕಾರ, ಬಣ್ಣ, ಗೆರೆಗಳಿಂದಾದವು. ಇವುಗಳಲ್ಲಿ ಎಷ್ಟನ್ನೋ ಪುಸ್ತಕದಲ್ಲಿ, ಫೋನಿನಲ್ಲಿ ನೋಡಿದ್ದೇನೆ, ಮೆಚ್ಚಿಕೊಂಡಿದ್ದೇನೆ. ಆದರೆ ಮ್ಯೂಸಿಯಂ ಒಳಗೆ ಕಾಲಿಟ್ಟರೆ ನನಗೆ ಗೊಂದಲ ಶುರುವಾಗುತ್ತದೆ. ಜನ ಚಿತ್ರದ ಮುಂದೆ ಬರುತ್ತಾರೆ, ಲೇಬಲ್ ಓದುತ್ತಾರೆ, ಫೋಟೊ ತೆಗೆಯುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಆ ಸಾಲಿನ ಜೊತೆ ನಾವೂ ಸಾಗುತ್ತೇವೆ. ಎರಡು ಮೂರು ಹಾಲ್ ದಾಟುವಷ್ಟರಲ್ಲಿ ಕಾಲು ನೋವು, ಆಮೇಲೆ ನೋಡಿದ್ದು ಯಾವುದೂ ತಲೆಗೆ ಹೋಗುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ಫೋನಿನಲ್ಲಿ ನೋಡಿದ ಚಿತ್ರವನ್ನೇ ಗೋಡೆಯ ಮೇಲೆ ನೋಡಿದರೆ ಹೊಸದಾಗಿ ಸಿಗುವುದೇನು? ಎಷ್ಟು ದೂರ ನಿಲ್ಲಬೇಕು? ಲೇಬಲ್ ಮೊದಲೋ, ಚಿತ್ರ ಮೊದಲೋ? "ನಿಮಗೆ ಏನನ್ನಿಸುತ್ತೋ ಅದೇ ಸರಿ" ಅನ್ನುವ ಉತ್ತರ ಮಾತ್ರ ಬೇಡ, ದಯವಿಟ್ಟು. ಕಣ್ಣು ಎಲ್ಲಿಡಬೇಕು ಅಂತ ಹೇಳಿ.

ಅಳತೆಪಟ್ಟಿ

ಮೊದಲು ಸಿಗುವುದು ಅಳತೆ. ಫೋನಿನಲ್ಲಿ ಎಲ್ಲ ಚಿತ್ರವೂ ಅಂಗೈ ಅಗಲ. ನಿಜವಾದ ಚಿತ್ರದ ಮುಂದೆ ನಿಂತಾಗಲೇ ಅದಕ್ಕೂ ನಮ್ಮ ಮೈಗೂ ಇರುವ ಸಂಬಂಧ ಗೊತ್ತಾಗುವುದು.

ಸಾಲ್ವಡಾರ್ ಡಾಲಿಯ ಜೋತುಬಿದ್ದ ಗಡಿಯಾರಗಳ ಚಿತ್ರ ಎಲ್ಲರಿಗೂ ಗೊತ್ತು. 1931ರದ್ದು, ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿದೆ. ಅದರ ಎತ್ತರ ಬರೀ 24 ಸೆಂಟಿಮೀಟರ್, ಅಗಲ 33. ಗೋಡೆ ತುಂಬ ಇರುತ್ತದೆ ಅಂದುಕೊಂಡು ಹೋದವರು ಅದನ್ನು ಹುಡುಕಬೇಕಾಗುತ್ತದೆ. ಆದರೆ ಆ ಸಣ್ಣ ಅಳತೆಗೆ ಕಾರಣ ಇದೆ ಅನ್ನುವುದು ಹತ್ತಿರ ಬಗ್ಗಿದಾಗ ತಿಳಿಯುತ್ತದೆ. ಅಷ್ಟು ನುಣುಪಾಗಿ, ಅಷ್ಟು ಖಚಿತವಾಗಿ ಬರೆದ ಅಸಂಭವದ ಲೋಕ ಒಬ್ಬರ ಮುಖದಷ್ಟೇ ಜಾಗದಲ್ಲಿದೆ. ನಿಮ್ಮೊಬ್ಬರಿಗೇ ಗುಟ್ಟು ಹೇಳಿದ ಹಾಗೆ ಅದು ಹತ್ತಿರಕ್ಕೆ ಕರೆಯುತ್ತದೆ.

ಬಾಂಬ್ ದಾಳಿಗೆ ಸಿಕ್ಕ ಸ್ಪೇನಿನ ಊರಿನ ಬಗ್ಗೆ ಪಿಕಾಸೋ ಬರೆದ ಗೆರ್ನಿಕಾ ಇದಕ್ಕೆ ಪೂರಾ ಉಲ್ಟಾ. 1937ರಲ್ಲಿ ಬರೆದದ್ದು, ಈಗ ಮ್ಯಾಡ್ರಿಡ್‌ನ ರೇನಾ ಸೋಫಿಯಾ ಮ್ಯೂಸಿಯಂನಲ್ಲಿದೆ. ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ. ಮುಂದೆ ನಿಂತರೆ ಇಡೀ ಚಿತ್ರ ಒಂದೇ ನೋಟಕ್ಕೆ ಸಿಗುವುದಿಲ್ಲ. ಕತ್ತು ತಿರುಗಿಸಬೇಕು, ನಡೆಯಬೇಕು. ಒಂದು ಕಡೆ ಸತ್ತ ಮಗುವನ್ನು ಹಿಡಿದ ತಾಯಿ, ಇನ್ನೊಂದು ಕಡೆ ಉರಿಯುವ ಮನೆಯಿಂದ ಕೈ ಚಾಚಿದವರು. ಒಬ್ಬರನ್ನು ನೋಡುವಾಗ ಇನ್ನೊಬ್ಬರು ಕಣ್ಣಂಚಿಗೆ ಸರಿಯುತ್ತಾರೆ. ಕುದುರೆಯ ಮೈ ತುಂಬ ಸಣ್ಣ ಸಣ್ಣ ನೇರ ಗೀಟುಗಳಿವೆ, ಪತ್ರಿಕೆಯ ಅಕ್ಷರದ ಸಾಲುಗಳಂತೆ. ಫೋನಿನಲ್ಲಿ ಅದು ಬರೀ ಬೂದು ಬಣ್ಣದ ಹಾಗೆ ಕಾಣುತ್ತದೆ.

ಒಂದು ಸಣ್ಣ ಕಿವಿಮಾತು. ಮ್ಯೂಸಿಯಂ ಲೇಬಲ್‌ಗಳಲ್ಲಿ ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ಆಮೇಲೆ. ಹೋಗುವ ಮುಂಚೆ ನಿಮಗೆ ಮುಖ್ಯ ಅನ್ನಿಸಿದ ಒಂದೆರಡು ಚಿತ್ರಗಳ ಅಳತೆ ನೋಡಿ, ಮನೆಯ ಗೋಡೆಯ ಮೇಲೆ ಕೈಯಲ್ಲೇ ಅಂದಾಜು ಮಾಡಿ. ಅಲ್ಲಿ ನಿಂತಾಗ ಉಪಯೋಗಕ್ಕೆ ಬರುತ್ತದೆ.

ಎರಡುಹೆಜ್ಜೆ

ದೂರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನನಗೆ ಇದು ಬಹಳ ಇಷ್ಟದ ವಿಷಯ.

ದೊಡ್ಡ ಚಿತ್ರ ಅಂದರೆ ದೂರ ಸರಿದು ನೋಡಬೇಕು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅಮೆರಿಕನ್ ಚಿತ್ರಕಾರ ಬಾರ್ನೆಟ್ ನ್ಯೂಮನ್ ಇದನ್ನು ಒಪ್ಪಲಿಲ್ಲ. 1951ರಲ್ಲಿ ನ್ಯೂಯಾರ್ಕಿನ ಬೆಟ್ಟಿ ಪಾರ್ಸನ್ಸ್ ಗ್ಯಾಲರಿಯಲ್ಲಿ ಅವರ ಪ್ರದರ್ಶನ ನಡೆದಾಗ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ದೊಡ್ಡ ಚಿತ್ರಗಳನ್ನು ದೂರದಿಂದ ನೋಡುವ ಅಭ್ಯಾಸ ಇದೆ, ಇಲ್ಲಿರುವುದನ್ನು ಹತ್ತಿರದಿಂದ ನೋಡಬೇಕು ಅನ್ನುವ ಅರ್ಥದ ಚೀಟಿ. ಅಲ್ಲಿದ್ದ ಒಂದು ಕೆಂಪು ಚಿತ್ರ ಐದು ಮೀಟರಿಗಿಂತ ಅಗಲ. ಅದರ ಹತ್ತಿರ ನಿಂತರೆ ಎರಡೂ ಅಂಚು ಕಣ್ಣಿಗೆ ಬೀಳುವುದಿಲ್ಲ. ಆಗ ಅದನ್ನು ವಸ್ತುವಾಗಿ ನೋಡುವುದು ನಿಲ್ಲುತ್ತದೆ. ಕೆಂಪಿನ ಒಳಗೇ ನಿಂತಿರುತ್ತೀರಿ. ಮಧ್ಯೆ ಬರುವ ತೆಳ್ಳನೆಯ ನೇರ ಪಟ್ಟಿಗಳು ಆಗ ಬಹಳ ಮುಖ್ಯ ಅನ್ನಿಸುತ್ತವೆ, ಕಣ್ಣಿಗೆ ಹಿಡಿದುಕೊಳ್ಳಲು ಅಲ್ಲಿರುವುದು ಅವು ಮಾತ್ರ.

ಇನ್ನೊಬ್ಬ ಅಮೆರಿಕನ್ ಚಿತ್ರಕಾರ ಮಾರ್ಕ್ ರಾಥ್ಕೋ ಕೂಡ ಹಾಗೇ. 1961ರಲ್ಲಿ ಲಂಡನ್‌ನ ವೈಟ್‌ಚಾಪೆಲ್ ಗ್ಯಾಲರಿಗೆ ಚಿತ್ರಗಳು ಹೋದಾಗ ಹೇಗೆ ತೂಗುಹಾಕಬೇಕು ಅಂತ ಸೂಚನೆ ಕಳಿಸಿದ್ದರು. ಗೋಡೆ ಅಚ್ಚ ಬಿಳಿ ಇರಬಾರದು, ಸ್ವಲ್ಪ ಕಂದು, ಸ್ವಲ್ಪ ಕೆಂಪು ಬೆರೆತಿರಬೇಕು. ಬೆಳಕು ಜೋರಾಗಿರಬಾರದು. ದೊಡ್ಡ ಚಿತ್ರಗಳು ಆದಷ್ಟೂ ನೆಲಕ್ಕೆ ಹತ್ತಿರ ಇರಬೇಕು, ಸಾಧ್ಯವಾದರೆ 15 ಸೆಂಟಿಮೀಟರಿಗಿಂತ ಮೇಲೆ ಬೇಡ. ಅಂದರೆ ನೋಡುವವರು ನಿಂತ ನೆಲದಿಂದಲೇ ಚಿತ್ರವೂ ಏಳಬೇಕು.

ನನ್ನ ರೂಢಿ ಹೀಗೆ. ಬಾಗಿಲಿನಿಂದಲೇ ಒಂದು ನೋಟ. ಆಮೇಲೆ ಚಿತ್ರದ ಅಗಲದಷ್ಟು ದೂರ. ಆಮೇಲೆ ಮ್ಯೂಸಿಯಂನವರು ನೆಲದ ಮೇಲೆ ಎಳೆದ ಗೆರೆ ಬಿಡುವಷ್ಟು ಹತ್ತಿರ. ಕೊನೆಗೆ ಪಕ್ಕಕ್ಕೆ ಸರಿದು, ಗೋಡೆಗೆ ಒರಗಿದ ಹಾಗೆ ಓರೆಯಾಗಿ ಒಂದು ನೋಟ. ಈ ಕೊನೆಯದನ್ನು ಬಿಡಬೇಡಿ. ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಹೊಳಪು, ಎಲ್ಲಿ ಮಂಕು ಅನ್ನುವುದೆಲ್ಲ ಓರೆಯಿಂದಲೇ ಗೊತ್ತಾಗುತ್ತದೆ.

ಸುಮ್ನೆಕೇಳ್ದೆ

ನಾನು ಜಗಳಕ್ಕೆ ಬಂದಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಹತ್ತಿರ ಹೋದರೂ ದೂರ ಹೋದರೂ ಒಂದು ಕಪ್ಪು ಚೌಕ ಕಪ್ಪು ಚೌಕವೇ ಅಲ್ವಾ? ಡಚ್ ಚಿತ್ರಕಾರ ಮೊಂಡ್ರಿಯಾನ್‌ನ ಪಟ್ಟಿಗಳ ಒಂದು ಕೃತಿಯನ್ನು ದಶಕಗಳ ಕಾಲ ತಲೆಕೆಳಗಾಗಿ ತೂಗುಹಾಕಿದ್ದರು ಅಂತ ಸುದ್ದಿ ಬಂದಿತ್ತು. ಫ್ರೆಂಚ್ ಕಲಾವಿದ ಮ್ಯಾಟೀಸ್‌ನದ್ದೂ ಹಾಗೇ ಆಗಿತ್ತಂತೆ. ಮೇಲು ಯಾವುದು ಕೆಳಗು ಯಾವುದು ಅಂತ ಮ್ಯೂಸಿಯಂನವರಿಗೇ ತಿಳಿಯದಿದ್ದರೆ ನಮ್ಮಂಥವರು ಏನು ನೋಡಬೇಕು?

ಎರಡುಹೆಜ್ಜೆ

ಎರಡೂ ನಿಜವೇ. ಮ್ಯಾಟೀಸ್‌ನ ದೋಣಿ ಮತ್ತು ಅದರ ಪ್ರತಿಬಿಂಬದ ಕಾಗದದ ಕೃತಿ 1961ರಲ್ಲಿ ನ್ಯೂಯಾರ್ಕಿನಲ್ಲಿ 47 ದಿನ ತಲೆಕೆಳಗಾಗಿ ಇತ್ತು. ಆದರೆ ಅದನ್ನು ಕಂಡುಹಿಡಿದದ್ದು ಯಾರು? ನೋಡಲು ಬಂದ ಒಬ್ಬ ಮಹಿಳೆ. ಕಲಾವಿದ ಹೆಚ್ಚು ವಿವರ ಇರುವ ಮುಖ್ಯ ಆಕಾರವನ್ನು ಕೆಳಗಿಟ್ಟು, ಅದಕ್ಕಿಂತ ಸರಳವಾದದ್ದನ್ನು ಮೇಲಿಡುವುದಿಲ್ಲ ಅಂತ ಆಕೆಗೆ ಅನ್ನಿಸಿತು. ಯಾವ ತಜ್ಞತೆಯೂ ಬೇಕಾಗಲಿಲ್ಲ, ನಿಂತು ನೋಡಿದರು ಅಷ್ಟೇ. ನನಗೆ ಈ ಘಟನೆ ತುಂಬ ಧೈರ್ಯ ಕೊಡುತ್ತದೆ.

ಮೊಂಡ್ರಿಯಾನ್‌ನದ್ದು 1941ರ ಕೃತಿ, ಬಣ್ಣದ ಅಂಟುಪಟ್ಟಿಗಳಿಂದ ಮಾಡಿದ್ದು, ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಮ್ಯೂಸಿಯಂನಲ್ಲಿದೆ. ಪಟ್ಟಿಗಳು ಒತ್ತಾಗಿ ಸೇರಿರುವ ಭಾಗ ಮೇಲೆ ಇರಬೇಕಿತ್ತು ಅಂತ ಅಲ್ಲಿನ ಕ್ಯುರೇಟರ್ (ಪ್ರದರ್ಶನ ರೂಪಿಸುವವರು) 2022ರಲ್ಲಿ ಹೇಳಿದರು. ಈಗ ತಿರುಗಿಸಿದರೆ ಹಳೆಯ ಅಂಟು ಬಿಟ್ಟು ಪಟ್ಟಿಗಳು ಉದುರುವ ಭಯ ಇದೆ. ಅದಕ್ಕೇ ಹಾಗೇ ಬಿಟ್ಟಿದ್ದಾರೆ.

ಮೊಂಡ್ರಿಯಾನ್‌ನ ಎಣ್ಣೆ ಬಣ್ಣದ ಚಿತ್ರಗಳ ಮಾತು ಬಂದದ್ದರಿಂದ ಹೇಳುತ್ತೇನೆ. ಪ್ರಿಂಟ್‌ನಲ್ಲಿ ಅವು ಸ್ಕೇಲ್ ಇಟ್ಟು ಎಳೆದ ಹಾಗೆ ಕಾಣುತ್ತವೆ. ಎದುರಿಗೆ ನಿಂತರೆ ಬಿಳಿ ಎಲ್ಲ ಒಂದೇ ಬಿಳಿ ಇರುವುದಿಲ್ಲ. ಒಂದು ಚೌಕದಲ್ಲಿ ಬ್ರಶ್ ಅಡ್ಡಕ್ಕೆ ಓಡಿದೆ, ಪಕ್ಕದ್ದರಲ್ಲಿ ಉದ್ದಕ್ಕೆ. ಕೆಲವು ಚಿತ್ರಗಳಲ್ಲಿ ಕಪ್ಪು ಗೆರೆ ಕ್ಯಾನ್ವಾಸಿನ ಅಂಚು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಆ ಸಣ್ಣ ತೆರಪು ಯಾಕೆ ಅಂತ ಕೇಳಿಕೊಂಡು ನಿಂತರೆ ಸಮಯ ಹೋದದ್ದೇ ತಿಳಿಯುವುದಿಲ್ಲ.

ಕಪ್ಪಿನೊಳಗೆ

ಕಪ್ಪು ಚೌಕದ ಬಗ್ಗೆ ನಾನು ಹೇಳಬಹುದಾ? ಎರಡು ಬೇರೆ ಬೇರೆ ಕಪ್ಪುಗಳಿವೆ.

ಮೊದಲನೆಯದು ರಷ್ಯಾದ ಚಿತ್ರಕಾರ ಕಜಿಮೀರ್ ಮಾಲೆವಿಚ್‌ನದ್ದು, 1915. ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿದೆ. ಮೊದಲ ಸಲ ಪೆಟ್ರೊಗ್ರಾಡ್‌ನಲ್ಲಿ ತೋರಿಸಿದಾಗ ಅದನ್ನು ಕೋಣೆಯ ಮೂಲೆಯಲ್ಲಿ, ಸೂರಿನ ಹತ್ತಿರ ಇಟ್ಟಿದ್ದರು. ರಷ್ಯನ್ ಮನೆಗಳಲ್ಲಿ ದೇವರ ಪಟ ಇಡುತ್ತಿದ್ದ ಜಾಗ ಅದು. ಜಾಗವೂ ಚಿತ್ರದ ಭಾಗವೇ ಆಗಿತ್ತು. ಈಗ ಹತ್ತಿರದಿಂದ ನೋಡಿದರೆ ಮೇಲ್ಮೈ ಪೂರ್ತಿ ಬಿರುಕು. ಬಿರುಕುಗಳ ಸಂದಿಯಲ್ಲಿ ಬೇರೆ ಬಣ್ಣಗಳು ಇಣುಕುತ್ತವೆ. 2015ರಲ್ಲಿ ಮ್ಯೂಸಿಯಂನವರು ಎಕ್ಸ್-ರೇ ತೆಗೆದಾಗ ಕಪ್ಪಿನ ಕೆಳಗೆ ಮೊದಲೇ ಬರೆದಿದ್ದ ಬಣ್ಣಬಣ್ಣದ ಎರಡು ರಚನೆಗಳು ಕಂಡವು. ಅಂಚುಗಳೂ ಸರಿಯಾದ ಚೌಕ ಆಗಿಲ್ಲ, ಕೈಯಲ್ಲಿ ಬರೆದದ್ದು.

ಎರಡನೆಯದು ಆಡ್ ರೈನ್‌ಹಾರ್ಟ್ ಎಂಬ ಅಮೆರಿಕನ್ ಕಲಾವಿದನ ಕಪ್ಪು ಚಿತ್ರಗಳು. 1960ರಿಂದ 1967ರಲ್ಲಿ ತೀರಿಕೊಳ್ಳುವವರೆಗೂ ಆತ ಇವನ್ನೇ ಬರೆದ. ಒಂದೂವರೆ ಮೀಟರ್ ಚೌಕದ ಕ್ಯಾನ್ವಾಸ್. ಮುಂದೆ ನಿಂತ ತಕ್ಷಣ ಬರೀ ಕಪ್ಪು. ಹಾಗೇ ನಿಂತಿರಿ. ಒಂದೆರಡು ನಿಮಿಷ ಕಳೆದ ಮೇಲೆ ಕಣ್ಣು ಪಳಗುತ್ತದೆ. ಮಧ್ಯದಲ್ಲಿ ಒಂದು ಅಡ್ಡ ಪಟ್ಟಿ ಕಾಣತೊಡಗುತ್ತದೆ, ಆಮೇಲೆ ಒಂದು ಉದ್ದ ಪಟ್ಟಿ. ಇಡೀ ಚಿತ್ರ ಒಂಬತ್ತು ಚೌಕಗಳಾಗಿ ಬಿಡಿಸಿಕೊಳ್ಳುತ್ತದೆ. ಒಂದರ ಕಪ್ಪಿನಲ್ಲಿ ಚೂರು ಕೆಂಪಿದೆ, ಇನ್ನೊಂದರಲ್ಲಿ ನೀಲಿ, ಮತ್ತೊಂದರಲ್ಲಿ ಹಸಿರು. ಒಂದು ಗಳಿಗೆ ಕಣ್ಣು ತಪ್ಪಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಇದನ್ನು ಯಾವ ಕ್ಯಾಮೆರಾವೂ ಸರಿಯಾಗಿ ಹಿಡಿಯಲಾರದು. ಹಾಗಾಗಿ "ಫೋನಿಗಿಂತ ಹೆಚ್ಚೇನು" ಅಂತ ಕೇಳಿದರೆ ನನ್ನ ಉತ್ತರ ಈ ಚಿತ್ರಗಳೇ. ಇಲ್ಲಿ ಸಮಯವೂ ಬಣ್ಣದಷ್ಟೇ ಮುಖ್ಯವಾದ ಸಾಮಗ್ರಿ.

ಸುಮ್ನೆಕೇಳ್ದೆ

ಒಂಬತ್ತು ಚೌಕದ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ, ಇದನ್ನು ನೋಡಬೇಕು. ಆದರೆ "ಇದನ್ನು ಮಗುವೂ ಬರೆಯುತ್ತೆ" ಅನ್ನುವವರಿಗೆ ಏನು ಹೇಳುತ್ತೀರಿ? ನನ್ನ ಪಕ್ಕ ನಿಂತವರು ಯಾರಾದರೂ ಇದನ್ನು ಹೇಳಿಯೇ ಹೇಳುತ್ತಾರೆ.

ಕಪ್ಪಿನೊಳಗೆ

2011ರಲ್ಲಿ ಪ್ರಕಟವಾದ ಒಂದು ಮನಶ್ಶಾಸ್ತ್ರದ ಅಧ್ಯಯನ ಇದೆ. ಅಮೂರ್ತ ಕಲಾವಿದರ ಚಿತ್ರವನ್ನೂ ಮಕ್ಕಳು ಅಥವಾ ಪ್ರಾಣಿಗಳು ಬಳಿದ ಚಿತ್ರವನ್ನೂ ಜೋಡಿಯಾಗಿ ತೋರಿಸಿ, ಯಾವುದು ಮೇಲು ಅಂತ ಕೇಳಿದರು. ಯಾರ ಹೆಸರೂ ಇಲ್ಲದಿದ್ದಾಗ, ಕೆಲವೊಮ್ಮೆ ಬೇಕೆಂದೇ ತಪ್ಪು ಹೆಸರು ಹಾಕಿದಾಗಲೂ, ಜನ ಕಲಾವಿದರ ಚಿತ್ರವನ್ನೇ ಹೆಚ್ಚು ಸಲ ಆರಿಸಿದರು. ಕಲೆ ಓದದವರೂ ಅದರಲ್ಲಿದ್ದರು. ಎಲ್ಲ ಸಲವೂ ಸರಿಯಾಗಿ ಗುರುತಿಸಿದರು ಅಂತಲ್ಲ, ಆದರೆ ಕಣ್ಣು ಮುಚ್ಚಿ ಆರಿಸಿದ್ದಕ್ಕಿಂತ ಜಾಸ್ತಿ. ಅಂದರೆ ಆಯ್ಕೆ, ತೂಕ, ಜಾಗ ಬಿಡುವ ರೀತಿ ಇವೆಲ್ಲ ನಮಗೆ ಕಾಣುತ್ತದೆ, ಹೆಸರಿಟ್ಟು ಹೇಳಲು ಬರದಿದ್ದರೂ.

ಹಳೆವಾರ್ನಿಶ್

ನಾನು ಚಿತ್ರಗಳ ಸಂರಕ್ಷಣೆಯ ಕೆಲಸದಲ್ಲಿರುವವಳು. ಬೆಳಕಿನ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಗದದ ಮೇಲಿನ ಕೆಲಸ ಇರುವ ಹಾಲ್ ಯಾಕೆ ಅಷ್ಟು ಮಬ್ಬು ಅಂತ ಜನ ಬೇಸರ ಮಾಡಿಕೊಳ್ಳುತ್ತಾರೆ. ಜಲವರ್ಣ, ರೇಖಾಚಿತ್ರ, ಪ್ರಿಂಟ್ ಇವಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿನ ಬೆಳಕು ಮಾತ್ರ ಬಿಡುತ್ತಾರೆ. ಬೆಳಕು ತಂದ ಹಾನಿ ವಾಪಸ್ ಹೋಗುವುದಿಲ್ಲ, ಕೂಡುತ್ತಲೇ ಹೋಗುತ್ತದೆ. ಎಣ್ಣೆ ಬಣ್ಣ ಇದರ ಮೂರು ನಾಲ್ಕು ಪಟ್ಟು ತಡೆಯುತ್ತದೆ. ಮಬ್ಬು ಹಾಲ್‌ಗೆ ಹೊಕ್ಕ ಕೂಡಲೇ ಚಿತ್ರ ನೋಡಲು ಹೋಗಬೇಡಿ. ಬೆಂಚ್ ಇದ್ದರೆ ಸ್ವಲ್ಪ ಹೊತ್ತು ಕೂತು ಕಣ್ಣಿಗೆ ಸಮಯ ಕೊಡಿ. ಭಾರತದ ಕಲಾವಿದೆ ನಸ್ರೀನ್ ಮೊಹಮದಿಯ ಪೆನ್ಸಿಲ್, ಶಾಯಿ ಗೆರೆಗಳಂಥ ಸೂಕ್ಷ್ಮ ಕೆಲಸ ನೋಡಬೇಕಾದರೆ ಇದು ಬಹಳ ಮುಖ್ಯ. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಶಾಖೆ ಮೆಟ್ ಬ್ರೂಯರ್ ಬಾಗಿಲು ತೆರೆದಾಗಿನ ಮೊದಲ ಪ್ರದರ್ಶನಗಳಲ್ಲಿ ಆಕೆಯ ದೊಡ್ಡ ಪ್ರದರ್ಶನವೂ ಒಂದು. ಕೂದಲೆಳೆಯಂಥ ಗೆರೆಗಳು ಒಂದಕ್ಕೊಂದು ಹತ್ತಿರವಾಗಿ, ದೂರವಾಗಿ ಸಾಗುವಾಗ ಕಾಗದವೇ ಬಾಗಿದ ಹಾಗೆ ಅನ್ನಿಸುತ್ತದೆ. ಜೋರು ಬೆಳಕಿನಿಂದ ಬಂದ ಕಣ್ಣಿಗೆ ಅದು ಕಾಣುವುದೇ ಇಲ್ಲ.

ಇನ್ನೊಂದು ಸಂಗತಿ. ಗೋಡೆಯ ಮೇಲಿರುವ ಬಣ್ಣ ಕಲಾವಿದ ಹಚ್ಚಿದ ಬಣ್ಣವೇ ಆಗಿರಬೇಕಿಲ್ಲ. ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆ ಬರೆದಾಗ ಗೋಡೆ ತಿಳಿ ನೇರಳೆ ಅಂತ ತಮ್ಮನಿಗೆ ಪತ್ರದಲ್ಲಿ ಹೇಳಿದ್ದ. ಈಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೋಡಿದರೆ ಗೋಡೆ ನೀಲಿ. ನೇರಳೆಯಲ್ಲಿದ್ದ ಕೆಂಪು ಮಾಸಿಹೋಗಿದೆ, ನೀಲಿ ಉಳಿದಿದೆ.

ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಕೆಲಸ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ್ದು. ರಾಥ್ಕೋ 1960ರ ದಶಕದಲ್ಲಿ ಆ ವಿಶ್ವವಿದ್ಯಾಲಯದ ಒಂದು ಊಟದ ಹಾಲ್‌ಗೆ ದೊಡ್ಡ ಚಿತ್ರಗಳನ್ನು ಬರೆದುಕೊಟ್ಟರು. ಬಳಸಿದ ಕೆಂಪು ಬಣ್ಣಗಳಲ್ಲಿ ಲಿಥಾಲ್ ರೆಡ್ ಇತ್ತು, ಬಿಸಿಲಿಗೆ ತಡೆಯದ ಬಣ್ಣ. ದೊಡ್ಡ ಕಿಟಕಿಗಳ ಬೆಳಕಿಗೆ ಚಿತ್ರಗಳು ಮಾಸಿದವು. ಕೊನೆಗೆ ಕೆಳಗಿಳಿಸಿ ಒಳಗಿಟ್ಟರು. ಮೇಲೆ ಬಣ್ಣ ಹಚ್ಚಿದರೆ ರಾಥ್ಕೋನ ಮೇಲ್ಮೈಯೇ ಮುಚ್ಚಿಹೋಗುತ್ತದೆ. ಹಾಗಾಗಿ ಕಳೆದುಹೋದ ಬಣ್ಣವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಪ್ರೊಜೆಕ್ಟರ್‌ನಿಂದ ಬೆಳಕಾಗಿ ಚಿತ್ರದ ಮೇಲೆ ಬಿಟ್ಟರು. 2014ರಲ್ಲಿ ಆ ಪ್ರದರ್ಶನ ಆಯಿತು. ದಿನಾ ಸಂಜೆ 4 ಗಂಟೆಗೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ಮಾಸಿದ ಚಿತ್ರ ಹಾಗೇ ಕಾಣುತ್ತಿತ್ತು. ಎರಡನ್ನೂ ಕಣ್ಣೆದುರು ಇಟ್ಟು ನೋಡುವವರಿಗೇ ಬಿಟ್ಟರಲ್ಲ, ಅದಕ್ಕಿಂತ ಪ್ರಾಮಾಣಿಕವಾದ ಸಂರಕ್ಷಣೆ ನನಗೆ ಗೊತ್ತಿಲ್ಲ.

ನೀಲಿಕುಂಚ

ಇಷ್ಟು ವಿವರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಹಳೆವಾರ್ನಿಶ್ ಮೇಡಂ, ಒಂದು ಪ್ರಶ್ನೆ. ಹತ್ತಿರ ಹೋಗಿ ನೋಡಿ ಅಂತ ಎರಡುಹೆಜ್ಜೆಯವರು ಹೇಳಿದರು. ನಿಮ್ಮ ಕಡೆಯಿಂದ ನೋಡಿದರೆ ಎಷ್ಟು ಹತ್ತಿರ ಹೋಗಬಹುದು?

ಹಳೆವಾರ್ನಿಶ್

ಗೆರೆ ಇದ್ದರೆ ಗೆರೆವರೆಗೆ. ಗೆರೆ ಇಲ್ಲದಿದ್ದರೆ ಕೈ ಚಾಚಿದರೂ ತಾಗದಷ್ಟು ದೂರ. ಬೆನ್ನಿನ ಚೀಲ ಮುಂದಕ್ಕೆ ಹಾಕಿಕೊಳ್ಳಿ ಅಥವಾ ಬಾಗಿಲಲ್ಲೇ ಕೊಟ್ಟುಬಿಡಿ. ತಿರುಗುವಾಗ ಚೀಲ ಎಲ್ಲಿ ತಾಗುತ್ತದೆ ಅಂತ ನಮಗೆ ತಿಳಿಯುವುದಿಲ್ಲ. ಬೆರಳಿನಿಂದ ತೋರಿಸುತ್ತಾ ಮಾತಾಡಬೇಡಿ, ಅದೂ ದೊಡ್ಡ ಅಪಾಯ.

ಕಪ್ಪಿನೊಳಗೆ ಅವರು ಹೇಳಿದ ರೈನ್‌ಹಾರ್ಟ್ ಚಿತ್ರಗಳನ್ನೇ ತೆಗೆದುಕೊಳ್ಳಿ. ಬಣ್ಣದಲ್ಲಿದ್ದ ಎಣ್ಣೆಯನ್ನು ಆದಷ್ಟೂ ತೆಗೆದು ಹಚ್ಚಿದ್ದರಿಂದ ಮೇಲ್ಮೈಗೆ ಹೊಳಪೇ ಇಲ್ಲ. ಒಂದು ಬೆರಳು ತಾಗಿದರೆ ಆ ಜಾಗ ಹೊಳೆಯುತ್ತದೆ, ಒರೆಸಿದರೆ ಇನ್ನೂ ಹೊಳೆಯುತ್ತದೆ. 2012ರಲ್ಲಿ ಲಂಡನ್‌ನ ಟೇಟ್ ಮಾಡರ್ನ್ ಮ್ಯೂಸಿಯಂನಲ್ಲಿ ಒಬ್ಬ ರಾಥ್ಕೋ ಚಿತ್ರದ ಮೂಲೆಯಲ್ಲಿ ಶಾಯಿಯಿಂದ ಗೀಚಿದ. ಸರಿಮಾಡಿ ಮತ್ತೆ ಗೋಡೆಗೆ ತರುವಾಗ 2014 ಆಗಿತ್ತು.

ಉಸಿರು ಕೂಡ ಲೆಕ್ಕಕ್ಕೆ ಬರುತ್ತದೆ. ಓಸ್ಲೋದ ಮುಂಕ್ ಮ್ಯೂಸಿಯಂನಲ್ಲಿರುವ ಎಡ್ವರ್ಡ್ ಮುಂಕ್‌ನ "ಕೂಗು" (ದಿ ಸ್ಕ್ರೀಮ್) ಚಿತ್ರದ ಹಳದಿ ಬಣ್ಣ ಉದುರುವುದಕ್ಕೆ ತೇವಾಂಶ ದೊಡ್ಡ ಕಾರಣ ಅಂತ 2020ರ ಒಂದು ಸಂಶೋಧನೆ ತೋರಿಸಿತು. ಜನ ಹೆಚ್ಚು ಸೇರಿದ ಕಡೆ ತೇವ ಏರುತ್ತದೆ. ಆದ್ದರಿಂದ ಗಾಜು ಹಾಕಿದ್ದಾರೆ ಅಂತ ಬೈಯಬೇಡಿ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಪ್ರತಿಫಲನ ಹೋಗುತ್ತದೆ.

ಬೆಂಚಿನಮೇಲೆ

ಎಷ್ಟು ಹೊತ್ತು ಅನ್ನುವ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಲಿಲ್ಲ. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಮಾಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಜನ ಒಂದು ಚಿತ್ರದ ಮುಂದೆ ಸರಾಸರಿ 27 ಸೆಕೆಂಡ್ ನಿಲ್ಲುತ್ತಿದ್ದರು. ಅರ್ಧದಷ್ಟು ಜನ 17 ಸೆಕೆಂಡಿಗಿಂತ ಜಾಸ್ತಿ ನಿಲ್ಲುತ್ತಿರಲಿಲ್ಲ. ಇದರಲ್ಲಿ ಲೇಬಲ್ ಓದುವ ಸಮಯವೂ ಸೇರಿದೆ. ಕಪ್ಪಿನೊಳಗೆ ಅವರ ಒಂಬತ್ತು ಚೌಕ ಈ ಸಮಯದಲ್ಲಿ ಹುಟ್ಟುವುದೇ ಇಲ್ಲ.

ಹಾಗಾಗಿ ನನ್ನ ಸಲಹೆ ಸ್ವಲ್ಪ ಕಠಿಣ. ಎಲ್ಲವನ್ನೂ ನೋಡಬೇಡಿ. ಮೊದಲು ಇಡೀ ಪ್ರದರ್ಶನದಲ್ಲಿ ನಿಲ್ಲದೆ ಒಂದು ಸುತ್ತು ಹಾಕಿ, ಲೇಬಲ್ ಬೇಡ. ಕಾಲು ತಾನಾಗಿ ನಿಧಾನವಾದ ಚಿತ್ರಗಳನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಅವುಗಳಲ್ಲಿ ಮೂರಕ್ಕೋ ನಾಲ್ಕಕ್ಕೋ ವಾಪಸ್ ಬನ್ನಿ, ಒಂದೊಂದಕ್ಕೆ ಹತ್ತು ನಿಮಿಷ ಕೊಡಿ. ಟಿಕೆಟ್ ತೆಗೆದುಕೊಂಡಿದ್ದೇವಲ್ಲ, ಎಲ್ಲ ನೋಡಿ ಮುಗಿಸಬೇಕು ಅನ್ನುವ ಒತ್ತಡವೇ ದಣಿವಿಗೆ ದೊಡ್ಡ ಕಾರಣ. ಮ್ಯೂಸಿಯಂನಲ್ಲಿ ಬರುವ ಆಯಾಸದ ಬಗ್ಗೆ ಬಾಸ್ಟನ್‌ನ ಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಬರೆದಿದ್ದರು. ನೋಡುವವರು ಬಗ್ಗಿ, ಕುಕ್ಕರುಗಾಲಲ್ಲಿ ಕೂತು, ಕತ್ತು ಎತ್ತಿ ಪಡುವ ಕಷ್ಟವನ್ನು ಫೋಟೊ ತೆಗೆಸಿ ತೋರಿಸಿದ್ದರು. ಅಂದರೆ ಇದು ನಿಮ್ಮ ಆಸಕ್ತಿಯ ಕೊರತೆ ಖಂಡಿತ ಅಲ್ಲ.

ಮತ್ತೆ, ಬೆಂಚ್ ಇದ್ದ ಕಡೆ ಕೂತುಕೊಳ್ಳಿ. ಪ್ಯಾರಿಸ್‌ನ ಒರಾಂಜರಿ ಮ್ಯೂಸಿಯಂನಲ್ಲಿ ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆಯ ನೈದಿಲೆ (ವಾಟರ್ ಲಿಲೀಸ್) ಚಿತ್ರಗಳ ಎರಡು ಅಂಡಾಕಾರದ ಕೋಣೆಗಳಿವೆ, 1927ರಲ್ಲಿ ತೆರೆದದ್ದು. ಎರಡು ಮೀಟರ್ ಎತ್ತರದ ಚಿತ್ರಗಳು ಗೋಡೆಯ ಜೊತೆ ಬಾಗಿ ಸುತ್ತಲೂ ಹೋಗುತ್ತವೆ. ಬೆಳಕು ಮೇಲಿನಿಂದ, ಹಗಲಿನದೇ. ಮೋಡ ಬಂದರೆ ನೀರಿನ ಬಣ್ಣ ಬದಲಾಗುತ್ತದೆ, ಮೋಡ ಸರಿದರೆ ಮತ್ತೆ ಬದಲಾಗುತ್ತದೆ. ಅದು ತಿಳಿಯಬೇಕಾದರೆ ಕೂತಿರಲೇಬೇಕು.

ಅಕ್ಷರಪ್ರಿಯ

ಲೇಬಲ್ ಬಗ್ಗೆ ನಿಮ್ಮೆಲ್ಲರ ಜೊತೆ ನನಗೆ ಭಿನ್ನಾಭಿಪ್ರಾಯ ಇದೆ. ಲೇಬಲ್ ಓದುವುದು ನೋಡುವುದಕ್ಕಿಂತ ಕೀಳು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಸ್ವೀಡನ್ನಿನ ಚಿತ್ರಕಾರ್ತಿ ಹಿಲ್ಮಾ ಆಫ್ ಕ್ಲಿಂಟ್‌ಳ ಚಿತ್ರಗಳನ್ನು ತೆಗೆದುಕೊಳ್ಳಿ. ಮೂರು ಮೀಟರಿಗಿಂತ ಎತ್ತರದ ಹತ್ತು ಚಿತ್ರಗಳ ಸಾಲು, ಸುರುಳಿ, ದಳ, ಅಕ್ಷರ, ಗುಲಾಬಿ, ಕಿತ್ತಳೆ. ಕಣ್ಣಿಗೆ ಹಬ್ಬ, ನಿಜ. ಆದರೆ ಅದು 1907ರದ್ದು ಅಂತ ಲೇಬಲ್ ಹೇಳಿದಾಗಲೇ ಎದೆ ಝಲ್ ಅನ್ನುವುದು. ಅಮೂರ್ತ ಕಲೆ ಶುರುವಾದದ್ದು ಯಾರಿಂದ ಅಂತ ನಾವು ಕಲಿತ ಕಥೆಗಿಂತ ಮುಂಚಿನದು. ತಾನು ಸತ್ತ ಮೇಲೂ 20 ವರ್ಷ ಇವನ್ನು ತೋರಿಸಬೇಡಿ ಅಂತ ಆಕೆ ಹೇಳಿದ್ದಳು. 1944ರಲ್ಲಿ ತೀರಿಕೊಂಡಳು. 2018ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಶುರುವಾದ ಪ್ರದರ್ಶನಕ್ಕೆ ಆರು ಲಕ್ಷಕ್ಕೂ ಹೆಚ್ಚು ಜನ ಬಂದರು. ಇದೆಲ್ಲ ಗೊತ್ತಿದ್ದು ನೋಡುವುದಕ್ಕೂ ಗೊತ್ತಿಲ್ಲದೆ ನೋಡುವುದಕ್ಕೂ ವ್ಯತ್ಯಾಸ ಇಲ್ವಾ?

ಬೆಂಚಿನಮೇಲೆ

ಖಂಡಿತ ಇದೆ. ನನ್ನ ವಾದ ಕ್ರಮದ ಬಗ್ಗೆ ಮಾತ್ರ. ಮೊದಲು ಚಿತ್ರ, ಆಮೇಲೆ ಲೇಬಲ್, ಮತ್ತೆ ಚಿತ್ರ. ಲೇಬಲ್ ಮೊದಲು ಓದಿದರೆ ಅದು ಹೇಳಿದ್ದನ್ನು ಹುಡುಕುವುದೇ ಕೆಲಸ ಆಗುತ್ತದೆ. ಸಿಕ್ಕಿದ ಕೂಡಲೇ ಮುಗಿಯಿತು ಅಂತ ಹೊರಟುಬಿಡುತ್ತೇವೆ.

ಅಕ್ಷರಪ್ರಿಯ

ಈ ಕ್ರಮಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಮಾಧ್ಯಮದ ಸಾಲನ್ನು ಮಾತ್ರ ಮೊದಲೇ ಓದಬಹುದು ಅನ್ನುತ್ತೇನೆ. ಎಣ್ಣೆಯೋ, ಅಕ್ರಿಲಿಕ್ಕೋ, ಕಾಗದವೋ ಅಂತ ತಿಳಿದರೆ ಏನನ್ನು ನೋಡಬೇಕು ಅಂತ ಕಣ್ಣಿಗೆ ದಾರಿ ಸಿಗುತ್ತದೆ. ಭಾರತದ ಚಿತ್ರಕಾರ ವಿ. ಎಸ್. ಗಾಯತೊಂಡೆಯ ಚಿತ್ರಗಳ ಮುಂದೆ ಇದು ಬಹಳ ಸಹಾಯ ಮಾಡುತ್ತದೆ. ಅವರು ರೋಲರ್‌ನಿಂದ, ಪ್ಯಾಲೆಟ್ ಚಾಕುವಿನಿಂದ ಎಣ್ಣೆ ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚುತ್ತಿದ್ದರು. ಅದು ಗೊತ್ತಿದ್ದರೆ ಆ ಹೊಳೆಯುವ ಹಳದಿಯೋ ಹಸಿರೋ ಒಂದೇ ಪದರ ಅಲ್ಲ, ಕೆಳಗಿನಿಂದ ಬೆಳಕು ಬರುತ್ತಿದೆ ಅನ್ನುವುದನ್ನು ಕಣ್ಣೇ ಹುಡುಕುತ್ತದೆ. 2014ರಲ್ಲಿ ಅವರ ಚಿತ್ರಗಳೂ ಗುಗೆನ್‌ಹೈಮ್‌ಗೆ ಹೋಗಿದ್ದವು.

ಎರಡುಹೆಜ್ಜೆ

ಅಕ್ಷರಪ್ರಿಯ ಅವರೇ, ಇದು ಒಳ್ಳೆಯ ಮಾತು. ಅಮೆರಿಕದ ಚಿತ್ರಕಾರ್ತಿ ಆಗ್ನೆಸ್ ಮಾರ್ಟಿನ್ ಚಿತ್ರಗಳಿಗೂ ಹೊಂದುತ್ತದೆ. ದೂರದಿಂದ ಅವರ 1.8 ಮೀಟರ್ ಚೌಕದ ಕ್ಯಾನ್ವಾಸ್ ಬರೀ ಮಂಜು. ಲೇಬಲ್‌ನಲ್ಲಿ "ಪೆನ್ಸಿಲ್" ಅಂತ ಓದಿದ ಮೇಲೆ ಹತ್ತಿರ ಹೋದರೆ ಸಾಲು ಸಾಲು ಗೆರೆಗಳು ಕಾಣುತ್ತವೆ. ಪಟ್ಟಿ ಇಟ್ಟೇ ಎಳೆದದ್ದು, ಆದರೂ ಬಟ್ಟೆಯ ನೇಯ್ಗೆಯ ಮೇಲೆ ಪೆನ್ಸಿಲ್ ಎದ್ದು ಬಿದ್ದು ಹೋಗಿದೆ. ಕೆಲವು ಕಡೆ ಗೆರೆ ಕಡುವಾಗಿದೆ, ಕೆಲವು ಕಡೆ ತಪ್ಪಿಯೇ ಹೋಗಿದೆ. ಕೈ ಎಲ್ಲಿ ನಿಧಾನ ಆಯಿತು ಅಂತ ಓದಬಹುದು.

ಕೆಂಪುಚುಕ್ಕೆ

ಮ್ಯೂಸಿಯಂ ಮಾತು ಆಯಿತು, ಖಾಸಗಿ ಗ್ಯಾಲರಿಗಳನ್ನು ಮರೆಯಬೇಡಿ. ಕೊಳ್ಳುವವರು ಮಾತ್ರ ಹೋಗಬೇಕು ಅಂತ ತುಂಬ ಜನ ಹಿಂಜರಿಯುತ್ತಾರೆ. ಹಾಗೇನಿಲ್ಲ. ಸಾಮಾನ್ಯವಾಗಿ ಟಿಕೆಟ್ಟೂ ಇರುವುದಿಲ್ಲ, ಒಳಗೆ ಹೋಗಿ ನೋಡಬಹುದು. ಗೋಡೆಯಲ್ಲಿ ಲೇಬಲ್ ಇಲ್ಲದೆ ಬರೀ ನಂಬರ್ ಇದ್ದರೆ ಮೇಜಿನ ಮೇಲೆ ಪಟ್ಟಿ ಇರುತ್ತದೆ, ಕೇಳಿ. ಪಕ್ಕದಲ್ಲಿ ಕೆಂಪು ಚುಕ್ಕೆ ಇದ್ದರೆ ಆ ಚಿತ್ರ ಮಾರಾಟವಾಗಿದೆ ಅಂತ. ಉದ್ಘಾಟನೆಯ ಸಂಜೆ ಕಲಾವಿದರು ಸಿಗುತ್ತಾರೆ, ಆದರೆ ಜನರ ನಡುವೆ ಚಿತ್ರ ಕಾಣುವುದಿಲ್ಲ. ಚಿತ್ರ ಬೇಕಾದರೆ ಮಾಮೂಲಿ ದಿನ ಹೋಗಿ. ಹಾಲ್‌ನಲ್ಲಿ ನೀವೊಬ್ಬರೇ ಇರುವ ಸಾಧ್ಯತೆ ಜಾಸ್ತಿ, ಒಂದೇ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತರೂ ಹಿಂದೆ ಯಾರೂ ಕಾಯುವುದಿಲ್ಲ.

ನೀಲಿಕುಂಚ

ನನಗೆ ಬೇಕಾದದ್ದು ಸಿಕ್ಕಿತು. ಅಳತೆ ನೋಡಿಕೊಂಡು ಹೋಗುತ್ತೇನೆ, ಒಂದು ಸುತ್ತು ಸುಮ್ಮನೆ, ಆಮೇಲೆ ಆರಿಸಿದ ಮೂರು ನಾಲ್ಕು ಚಿತ್ರ. ಕೊನೆಯದಾಗಿ ಎರಡು ಪ್ರಶ್ನೆ. ಫೋಟೊ ತೆಗೆಯುವುದು ತಪ್ಪಾ? ಅಲ್ಲೇ ನಿಂತು ಸ್ಕೆಚ್ ಮಾಡಲು ಬಿಡುತ್ತಾರಾ? ನನ್ನ ಕೈ ಅಷ್ಟೇನೂ ಪಳಗಿಲ್ಲ.

ಬೆಂಚಿನಮೇಲೆ

ಫೋಟೊ ತಪ್ಪಲ್ಲ, ಫ್ಲ್ಯಾಶ್ ಇಲ್ಲದೆ, ಅಲ್ಲಿ ಬಿಡುತ್ತಾರೆ ಅಂದರೆ ತೆಗೆಯಿರಿ. ಗೆರ್ನಿಕಾದ ಮುಂದೆಯೂ 2023ರಲ್ಲಿ ಬಿಟ್ಟರು. ಆದರೆ ಕೊನೆಯಲ್ಲಿ ತೆಗೆಯಿರಿ, ಹೊರಡುವಾಗ. ಇಡೀ ಚಿತ್ರದ್ದು ಬೇಡ, ಅದು ಮ್ಯೂಸಿಯಂ ವೆಬ್‌ಸೈಟ್‌ನಲ್ಲಿ ಇನ್ನೂ ಚೆನ್ನಾಗಿ ಸಿಗುತ್ತದೆ. ಒಂದು ಮೂಲೆ, ಒಂದು ಬ್ರಶ್ ಗುರುತು, ಕ್ಯಾನ್ವಾಸಿನ ಪಕ್ಕದ ಅಂಚು, ಇಂಥದ್ದು ತೆಗೆಯಿರಿ.

ಹಳೆವಾರ್ನಿಶ್

ಸ್ಕೆಚ್‌ಗೆ ತುಂಬ ಕಡೆ ಬಿಡುತ್ತಾರೆ. ಪೆನ್ಸಿಲ್ ಮಾತ್ರ, ಪೆನ್, ಶಾಯಿ, ಬಣ್ಣ ಬೇಡ. ಪುಸ್ತಕ ಚಿಕ್ಕದಿರಲಿ. ವಿಶೇಷ ಪ್ರದರ್ಶನಗಳಲ್ಲಿ ನಿಯಮ ಬೇರೆ ಇರಬಹುದು, ಒಳಗೆ ಹೋಗುವಾಗಲೇ ಸಿಬ್ಬಂದಿಯನ್ನು ಕೇಳಿಬಿಡಿ. ಅವರು ದಿನವಿಡೀ ಆ ಚಿತ್ರಗಳ ಜೊತೆಯೇ ಇರುವವರು. ಯಾವ ಹೊತ್ತಿನಲ್ಲಿ ಯಾವ ಹಾಲ್ ಖಾಲಿ, ಜನ ಯಾವುದರ ಮುಂದೆ ಹೆಚ್ಚು ನಿಲ್ಲುತ್ತಾರೆ ಅಂತಲೂ ಹೇಳುತ್ತಾರೆ.

ಕೈ ಪಳಗಿರಬೇಕಾಗಿಲ್ಲ. ಇಡೀ ಚಿತ್ರ ಬರೆಯಲು ಹೋಗಬೇಡಿ. ಎರಡು ಬಣ್ಣ ಸೇರುವ ಒಂದು ಅಂಚು ಆರಿಸಿಕೊಳ್ಳಿ, ಒಂದು ಗೇಣಿನಷ್ಟು. ರಾಥ್ಕೋ ಸಿಕ್ಕರೆ ಕೆಂಪು ಮುಗಿದು ಕಂದು ಶುರುವಾಗುವ ಜಾಗ. ಅದು ಗೆರೆಯೋ, ಮಸುಕೋ, ಯಾವುದು ಮೇಲಿನ ಪದರ, ಯಾವುದು ಕೆಳಗಿನದು ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತಾ ಹೋಗಿ. ಕೆಳಗಿನದ್ದೇ ಮೇಲೆ ಅನ್ನಿಸಿದರೆ ಓರೆಯಾಗಿ ನಿಂತು ಇನ್ನೊಮ್ಮೆ ನೋಡಿ.